ಮಸಿ ಬಳಿಯುವ ಗ್ಲಿನಿಸ್ ಆಕ್ರಾಯ್ಡ್

ಬೆಳಗಿನ ಏಳೂವರೆ. ಹಾಲ್ಡರ್‌ಬಿ ಪುರಸಭೆಯ ಎರಡನೇ ಮಹಡಿಯಲ್ಲಿ ಹೀಟರ್ ಇನ್ನೂ ಬಿಸಿಯಾಗಿಲ್ಲ. ಗ್ಲಿನಿಸ್ ಆಕ್ರಾಯ್ಡ್ ಕೋಟು ಕಳಚದೆಯೇ ಕಂಪ್ಯೂಟರಿನ ಮುಂದೆ ಕೂತು, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು, ದಿನದ ಮೊದಲ ಪತ್ರ ತೆರೆಯುತ್ತಾರೆ. ಮಿಲ್ ಲೇನಿನ ಒಬ್ಬಾತ ಪಕ್ಕದ ಮನೆಯವನ ಗ್ಯಾರೇಜಿಗೆ ಆಕ್ಷೇಪಣೆ ಬರೆದಿದ್ದಾನೆ. ಗ್ಲಿನಿಸ್ ಫೋನ್ ನಂಬರಿನ ಮೇಲೆ ಒಂದು ಕರಿ ಪಟ್ಟಿ ಎಳೆಯುತ್ತಾರೆ, ಸಹಿಯ ಮೇಲೆ ಇನ್ನೊಂದು. ಮೂರನೇ ಸಾಲಿಗೆ ಬಂದು ಕೈ ನಿಲ್ಲುತ್ತದೆ.

"'ಆ ಬೊಜ್ಜು ಹಂದಿ' ಅಂತ ಬರ್ದಿದಾನೆ ನೋಡಿ. ಬೊಜ್ಜೂ ಹೋಗ್ಬೇಕು, ಹಂದೀನೂ ಹೋಗ್ಬೇಕು. 'ಆ' ಇರ್ಲಿ ಬಿಡಿ, ಅದೇನೂ ಬೈಗುಳ ಅಲ್ವಲ್ಲ."

ಊರಿನಲ್ಲಿ ಯಾರೇ ಮನೆ ಕಟ್ಟಲಿ, ಮೇಲೊಂದು ಕೋಣೆ ಏರಿಸಲಿ, ಪುರಸಭೆಗೆ ಅರ್ಜಿ ಹಾಕಬೇಕು. ನೆರೆಹೊರೆಯವರು ಇಪ್ಪತ್ತೊಂದು ದಿನದೊಳಗೆ ಹೂಂ ಅಥವಾ ಊಹೂಂ ಎಂದು ಬರೆಯಬಹುದು. ಆ ಪತ್ರಗಳೆಲ್ಲ ವೆಬ್‌ಸೈಟ್ ಏರಿ ಊರಿಗೆಲ್ಲ ಕಾಣುತ್ತವೆ. ಅದಕ್ಕೂ ಮೊದಲು, ಊರಿಗೆ ಕಾಣಬಾರದ್ದನ್ನು ಮುಚ್ಚುವುದು ಗ್ಲಿನಿಸ್ ಕೆಲಸ: ಫೋನು, ಸಹಿ, ಬೈಗುಳ, ಮಕ್ಕಳ ವಿಷಯ, ಕಾಯಿಲೆಯ ವಿಷಯ. ಹಿಂದೆ ದಪ್ಪ ಪೆನ್ನಿನಲ್ಲಿ ಬಳಿಯುತ್ತಿದ್ದರು, ಬೆರಳೆಲ್ಲ ಕಪ್ಪಾಗುತ್ತಿತ್ತು. ಈಗ ಮೌಸ್ ಬಂದಿದೆ. ಕಚೇರಿಯವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಮಸಿಯೇ.

ಬಿಸ್ಕತ್ತಿನ ಕಾರ್ಖಾನೆ ಮುಚ್ಚಿದಾಗ ಮೂರು ತಿಂಗಳ ಮಟ್ಟಿಗೆಂದು ಬಂದ ಗ್ಲಿನಿಸ್‌ಗೆ ಇಲ್ಲಿ ಇಪ್ಪತ್ನಾಲ್ಕು ವರ್ಷವಾಗಿದೆ. ದಿನಕ್ಕೆ ಮೂವತ್ತೈದು, ನಲವತ್ತು ಪತ್ರ. ದೊಡ್ಡ ಅಂಗಡಿ ಬರುತ್ತದೆಂದರೆ ನೂರು ದಾಟುತ್ತದೆ. ಒಂದಕ್ಕೆ ಆರು ನಿಮಿಷ ಎಂದು ಮೇಲಿನವರ ಲೆಕ್ಕ. ಬಲಗೈ ಮಣಿಕಟ್ಟಿಗೆ ಸದಾ ಪಟ್ಟಿ ಸುತ್ತಿರುತ್ತದೆ. "ಊರಿನೋರ ಹೊಟ್ಟೆಯೊಳಗಿರೋದೆಲ್ಲ ನಂಗೊತ್ತು," ಎನ್ನುತ್ತಾರೆ. "ಓದ್ತೀನಿ, ಮುಚ್ತೀನಿ, ಮರೀತೀನಿ. ಒಂದನ್ನ ಬಿಟ್ಟು."

ಆ ಒಂದನ್ನು ಹೇಳುವಾಗ ಅವರ ಕಣ್ಣು ಟೀ ಲೋಟ ಬಿಟ್ಟು ಮೇಲೇಳುವುದಿಲ್ಲ.

ಎರಡು ವರ್ಷದ ಹಿಂದಿನ ಮಾರ್ಚ್. ಕಾರ್ಟರ್ ರಸ್ತೆಯ ಆರ್ನಾಲ್ಡ್ ಶಟಲ್‌ವರ್ತ್ ಎಂಬ ಎಪ್ಪತ್ತೊಂಬತ್ತರ ಅಜ್ಜ ಕೈಬರಹದಲ್ಲಿ ಒಂದೂವರೆ ಪುಟ ಬರೆದಿದ್ದರು. ಪಕ್ಕದ ಮನೆಯವರು ಹಿತ್ತಲಿಗೆ ಎರಡು ಅಂತಸ್ತು ಏರಿಸಲು ಅರ್ಜಿ ಹಾಕಿದ್ದರು. ಅಜ್ಜನ ಹೆಂಡತಿ ಮೇವಿಸ್ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ಮಹಡಿಯ ಹಿಂದಿನ ಕೋಣೆಯ ಕಿಟಕಿಯಿಂದ ಹತ್ತರಿಂದ ಹನ್ನೆರಡರವರೆಗೆ ಬಿಸಿಲು ಹಾಸಿಗೆಗೆ ಬೀಳುತ್ತಿತ್ತು. ಆಕೆ ಅದರಲ್ಲಿ ಕೈಯಿಟ್ಟುಕೊಂಡು ಮಲಗುತ್ತಿದ್ದರು, ಆ ಎರಡು ಗಂಟೆ ನೋವಿನ ಮಾತೆತ್ತುತ್ತಿರಲಿಲ್ಲ. ಗೋಡೆ ಎದ್ದರೆ ಅದೂ ಹೋಗುತ್ತದೆ ಎಂದು ಅಜ್ಜ ಬರೆದಿದ್ದರು.

ಕಾಯಿಲೆಯ ವಿಷಯ, ಮುಚ್ಚಬೇಕು. ಬಿಸಿಲಿನ ಮಾತೂ ಕಾಯಿಲೆಗೇ ಅಂಟಿಕೊಂಡಿತ್ತು. ಆ ದಿನ ಇನ್ನೂ ಇಪ್ಪತ್ತು ಪತ್ರ ಬಾಕಿಯಿದ್ದವು. ಗ್ಲಿನಿಸ್ ಒಂದೂವರೆ ಪುಟಕ್ಕೂ ಬಳಿದರು. ಉಳಿದದ್ದು ಎರಡೇ ಸಾಲು: "ಮಾನ್ಯರೇ, ನನಗೆ ಈ ಕಟ್ಟಡ ಬೇಡ. ದಯವಿಟ್ಟು ಯೋಚಿಸಿ."

ಕಡತ ನೋಡುವ ಅಧಿಕಾರಿ ಮೂಲ ಪತ್ರವನ್ನೇ ಓದಬೇಕೆಂಬುದು ನಿಯಮ. ಆತ ಆ ವಾರ ಸೊಂಟ ಹಿಡಿದು ಮಲಗಿದ್ದ. ಬದಲಿಗೆ ಬಂದವರು ವೆಬ್‌ಸೈಟಿನ ಮಸಿ ಪ್ರತಿ ನೋಡಿ ವರದಿ ಬರೆದರು. ಬುಧವಾರ ಸಂಜೆ ಒಂಬತ್ತು ಸದಸ್ಯರ ಸಮಿತಿ ಕೂತಿತು. ಆಕ್ಷೇಪಿಸಿದವರಿಗೆ ಮೂರು ನಿಮಿಷ ಮಾತಾಡಲು ಅವಕಾಶವಿದೆ. ಆರ್ನಾಲ್ಡ್ ಹೆಸರು ಎರಡು ಸಲ ಕೂಗಿದರು. ಮೇವಿಸ್‌ರನ್ನು ಒಂಟಿಯಾಗಿ ಬಿಟ್ಟು ಅವರು ಹೇಗೆ ಬಂದಾರು?

ಅಧ್ಯಕ್ಷರು ಪತ್ರ ಎತ್ತಿ ತೋರಿಸಿದರು. "ಬೇಡ ಅಂದ್ರೆ ಬೇಡ ಅಂತಾರಪ್ಪ ಅಜ್ಜ. ಕಾರಣ ಏನೋ ಟಾರ್ ರೋಡಿನ ಕೆಳಗೆ ಸಿಕ್ಕಾಕ್ಕೊಂಡಿದೆ!" ಸಭೆ ಗೊಳ್ಳೆಂದಿತು. ಕಟ್ಟಡಕ್ಕೆ ಒಪ್ಪಿಗೆಯೆಂದು ಒಂಬತ್ತು ಕೈ ಮೇಲೆದ್ದವು. ಎಲ್ಲ ಸೇರಿ ನಾಲ್ಕು ನಿಮಿಷ.

ಹಿಂದಿನ ಸಾಲಿನಲ್ಲಿ ಕಾಗದ ಹಂಚಲು ಕೂತಿದ್ದವರು ಗ್ಲಿನಿಸ್. "ಆ ಕೋಣೇಲಿ ಅದನ್ನ ಪೂರ್ತಿ ಓದಿದ್ದೋಳು ನಾನೊಬ್ಳೇ. ನೌಕರರು ಮಾತಾಡೋ ಹಾಗಿಲ್ಲ, ನಿಜ. ಆದ್ರೆ ಎದ್ದು ನಿಂತಿದ್ರೆ ಯಾರೂ ನನ್ನ ಗಲ್ಲಿಗೇರಿಸ್ತಿರ್ಲಿಲ್ಲ." ಲೋಟ ಪಕ್ಕಕ್ಕಿಟ್ಟು ಹೇಳುತ್ತಾರೆ: "ಎದ್ದು ನಿಲ್ಲೋದಿರ್ಲಿ, ನಾನೂ ನಕ್ಕೆ. ಎಲ್ಲಾರೂ ನಗ್ತಿದ್ರು, ನಾನೂ ನಕ್ಕೆ. ಥೂ."

ಈಗ ಬಳಿಯುವ ಮುನ್ನ ಗ್ಲಿನಿಸ್ ಫೋನ್ ಮಾಡುತ್ತಾರೆ. ಇವತ್ತು ಒಂಬತ್ತು ಗಂಟೆಗೇ ಎರಡು ಕರೆ ಆಗಿವೆ. "ನೋಡಿ ಅಮ್ಮ, ಮಗನ ಉಬ್ಬಸದ ಮಾತು ಕಾಣೋ ಹಾಗಿಲ್ಲ. ಧೂಳು ಬರತ್ತೆ ಅಂತ ಬರೀರಿ, ಅದನ್ನ ಯಾರೂ ಮುಟ್ಟಲ್ಲ." ಇದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಮೇಲಧಿಕಾರಿ ಕೀತ್ ಹಾದುಹೋಗುತ್ತ ಕೆಣಕುತ್ತಾನೆ: "ಗ್ಲಿನಿಸ್, ಊರಿಗೆಲ್ಲ ಪತ್ರ ಬರೆಯೋದು ಕಲಿಸೋ ಶಾಲೆ ತೆಗ್ದಿದೀಯಾ? ಆರು ನಿಮಿಷ ಕಣಮ್ಮ, ಆರು!" ಆಕೆ ತಲೆಯೆತ್ತದೆ ಮೂರನೇ ನಂಬರ್ ಒತ್ತುತ್ತಾರೆ.

ಆರ್ನಾಲ್ಡ್‌ಗೆ ಮಾತ್ರ ಇನ್ನೂ ಫೋನ್ ಮಾಡಿಲ್ಲ. ಗೋಡೆ ಆ ಸೆಪ್ಟೆಂಬರಿಗೇ ಎದ್ದಿತು. ಅಜ್ಜ ಹಾಸಿಗೆಯನ್ನು ಕೆಳಗಿನ ಮುಂದಿನ ಕೋಣೆಗೆ ಇಳಿಸಿದರು. ಅಲ್ಲಿ ಬಿಸಿಲಿಲ್ಲ, ರಸ್ತೆಯಿದೆ. ಗ್ಲಿನಿಸ್ ಬರುವ ಬಸ್ಸು ಏಳು ಗಂಟೆಗೆ ಆ ಕಿಟಕಿಯ ಎದುರೇ ನಿಲ್ಲುತ್ತದೆ. ದೀಪ ಹಾಕಿದ ಕೋಣೆಯಲ್ಲಿ ದಿಂಬಿಗೊರಗಿದ ಮೇವಿಸ್ ಬಸ್ಸಿನವರಿಗೆಲ್ಲ ಕೈ ಬೀಸುತ್ತಾರೆ. ಬಸ್ಸೂ ಕೈ ಬೀಸುತ್ತದೆ. ಗ್ಲಿನಿಸ್ ಅಂದಿನಿಂದಲೂ ಕೈಚೀಲದೊಳಗೆ ಏನೋ ಹುಡುಕುವವರ ಹಾಗೆ ತಲೆ ತಗ್ಗಿಸುತ್ತಾರೆ.

ಈ ಲೇಖನದಲ್ಲಿ ನಿಮ್ಮ ಹೆಸರು ಬದಲಿಸೋಣವೇ ಎಂದು ಕೇಳಿದರೆ ಕೂಡಲೇ ತಲೆಯಾಡಿಸುತ್ತಾರೆ.

"ಬೇಡ. ನನ್ನ ಹೆಸರಿಗೆ ಮಾತ್ರ ಮಸಿ ಬಳೀಬೇಡಿ, ಇದ್ದ ಹಾಗೇ ಹಾಕಿ. ಆ ಬಿಸಿಲಿನ ಮಾತೂ ಹಾಕಿ. ಕೆಲಸ ಹೋದ್ರೆ ಹೋಗ್ಲಿ. ಅಜ್ಜನ ಹತ್ರ ನೀವೇ ಹೋಗಿ ಕೇಳಿ, ಒಪ್ಪಿದ್ರೆ ಹಾಕಿ." ಆರ್ನಾಲ್ಡ್ ಒಪ್ಪಿದ್ದಾರೆ. ಯಾರು ಬಳಿದದ್ದು ಎಂದು ಅವರು ಕೇಳಲಿಲ್ಲ, ನಾವು ಹೇಳಲೂ ಇಲ್ಲ.

"ಇದು ಬರೋ ಶನಿವಾರದ ಪೇಪರ್ ಅಜ್ಜ ಮೇವಿಸ್‌ಗೆ ಒಂದಕ್ಷರ ಬಿಡದೆ ಓದ್ತಾರಂತೆ," ಎನ್ನುತ್ತಾರೆ ಗ್ಲಿನಿಸ್. "ಸೋಮವಾರ ನಾನು ಕಿಟಕಿ ಪಕ್ಕದ ಸೀಟಲ್ಲೇ ಕೂತಿರ್ತೀನಿ, ತಲೆ ಎತ್ಕೊಂಡು. ಗೊತ್ತಾದ್ಮೇಲೂ ಅವ್ರು ಕೈ ಬೀಸಿದ್ರೆ, ನಾನೂ ಬೀಸ್ತೀನಿ."