ಸಹಾಯ ಮಾಡುವ ಗಂಡಸರು

ಸಂಜೆ ತರಗತಿಯಲ್ಲಿ ಪ್ರೋಗ್ರಾಮಿಂಗ್ ಕಲಿಸುವ ನಮ್ಮ ಅತ್ತಿಗೆಗೆ ಮೂಗಿನ ತುದಿಯಲ್ಲೇ ಕೋಪ. ಈ ಸಲ ತರಗತಿ ತುಂಬ ಗಂಡಸರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳೊಬ್ಬಳೇ ಹೆಂಗಸು. ಮೊದಲ ದಿನವೇ ಅವಳ ಪುಟ್ಟ ಪ್ರೋಗ್ರಾಂ ಓಡಿತು. ಮರುದಿನ ಪಕ್ಕದವನು, "ಅಕ್ಕಾ, ಕೋಡ್ ಬರೆಯೋಕೆ ಈ ಎಡಿಟರ್ ದಂಡ," ಎಂದು ಅದನ್ನು ತೆಗೆದು ತನಗಿಷ್ಟವಾದದ್ದನ್ನು ಹಾಕಿಕೊಟ್ಟ. ಆಮೇಲೆ ಹಿಂದಿನ ಸಾಲಿನವನು ಪ್ರೋಗ್ರಾಮಿಂಗ್ ಭಾಷೆಯನ್ನೇ ಬದಲಾಯಿಸಿದ. ಸಹಾಯವಂತೆ ಸಹಾಯ! ಅವಳು ದಿನವೂ ಮೊದಲಿನಿಂದ ಶುರು ಮಾಡಬೇಕಾಯಿತು. ಅತ್ತಿಗೆ ಗದರಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವಳು ಬರುವುದನ್ನೇ ಬಿಟ್ಟಳು.

"ಹೆಣ್ಮಕ್ಕಳಿಗೆ ಇದರಲ್ಲಿ ಆಸಕ್ತಿನೇ ಇರಲ್ಲ, ಅಲ್ವಾ ಮೇಡಂ?" ಎಂದ ಪಕ್ಕದವನು.

ಅತ್ತಿಗೆ ಅವನ ಎದುರೇ ಅವಳಿಗೆ ಫೋನ್ ಮಾಡಿದರು. "ನಾಳೆ ಬಾಮ್ಮ, ನನ್ನ ಜಾಗದಲ್ಲೇ ಕೂತ್ಕೋ. ನನ್ನ ಕಂಪ್ಯೂಟರ್ ಮುಟ್ಟೋ ಧೈರ್ಯ ಇವರ್ಯಾರಿಗೂ ಇಲ್ಲ."