ನಾರಿದರೆ ಎಸೆಯಿರಿ ಅಂದಿದ್ದ ಅಳಿಯ

ನನ್ನ ತಮ್ಮನ ಮಗನೇ ನನ್ನ ಅಳಿಯ. ಆಳಂದದಲ್ಲಿ ಹಲ್ಲಿನ ಡಾಕ್ಟರು. ತೊಂಬತ್ತರ ದಶಕದ ಆರಂಭದಲ್ಲಿ ಅವನಿಗೆ ಸಮುದ್ರದ ಹುಚ್ಚು ಹಿಡಿದಿತ್ತು. ಸಮುದ್ರವನ್ನು ನಾನು ಇವತ್ತಿನವರೆಗೂ ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಅವನು ಮಾತ್ರ ಬೊಂಬಾಯಿಯಿಂದ ಉಪ್ಪಿನ ಪೊಟ್ಟಣ ತಂದು, ನೀರಿಗೆ ಕಲಸಿ, ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ತನ್ನದೊಂದು ಸಮುದ್ರ ಮಾಡಿಕೊಂಡಿದ್ದ. ಆಳಂದದ ಕಿರಾಣಿ ಉಪ್ಪು ಯಾಕೆ ಆಗುವುದಿಲ್ಲ ಅಂತ ಕೇಳಿದ್ದಕ್ಕೆ ನಕ್ಕ. ತೊಟ್ಟಿಯಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು. ನನ್ನ ಮಗಳು ಅವುಗಳ ಜೊತೆ ಮಾತಾಡುತ್ತಿದ್ದಳು. ನನಗೆ ಅದು ಸರಿಬರುತ್ತಿರಲಿಲ್ಲ, ಆದರೆ ಮನೆ ಅವಳದು.

ಆ ಸಲ ನಾನು ನಮ್ಮೂರು ಮಣ್ಣೂರಿನಿಂದ ಹೋದಾಗ ತೊಟ್ಟಿಗೆ ಹೊಸ ಪ್ರಾಣಿ ಬಂದಿತ್ತು. ಯಾವುದೋ ಹೊರದೇಶದಿಂದ ವಿಮಾನದಲ್ಲಿ ಬೊಂಬಾಯಿಗೆ ಬಂದು, ಅಲ್ಲಿಂದ ಪ್ಲಾಸ್ಟಿಕ್ ಚೀಲದಲ್ಲಿ ರೈಲು, ಬಸ್ಸು ಹತ್ತಿ ಆಳಂದ ಮುಟ್ಟಿತ್ತು. ಅಂಗಡಿಯವನು ಅದಕ್ಕೆ ಕಾರ್ಪೆಟ್ ಅನಿಮೋನ್ ಅಂದನಂತೆ. ನನಗೆ ಕಂಡದ್ದು ತೊಯ್ದ ಜಮಖಾನೆಯ ತುಂಡು. ಮೈತುಂಬ ಗಿಡ್ಡ ಕೂದಲು, ನಡುವೆ ಒಂದು ಬಾಯಿ. ಕಣ್ಣಿಲ್ಲ, ತಲೆಯಿಲ್ಲ. ಅಂಗಡಿಯಲ್ಲಿದ್ದವುಗಳಲ್ಲಿ ಅಳಿಯ ಬೆಳ್ಳಗಿನದನ್ನೇ ಆರಿಸಿ ತಂದಿದ್ದ. ನಮ್ಮ ಕಡೆಯವರಿಗೆ ಜೋಳ ಆರಿಸಿ ರೂಢಿ, ಬೆಳ್ಳಗಿದ್ದರೆ ಮೇಲು ಅಂತ. ಮನೆಗೆ ಬಂದು ಪುಸ್ತಕ ತೆರೆದ ಮೇಲೆ ಗೊತ್ತಾಯಿತು, ಗಟ್ಟಿಮುಟ್ಟಾದದ್ದು ಕಂದು ಇಲ್ಲವೆ ಹಸಿರು ಇರಬೇಕು, ಬಿಳಿಚಿಕೊಂಡದ್ದು ಬಳಲಿದ್ದು ಅಂತ.

ಅದರ ಜಾತಿಯೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಹೊಟ್ಟೆಯ ಕೆಳಗೆ ಕೆಂಪು ಚುಕ್ಕೆ ಇದ್ದರೆ ಕಲ್ಲಿಗೆ ಅಂಟುವ ಜಾತಿ, ಇಲ್ಲದಿದ್ದರೆ ಉಸುಕಿನಲ್ಲಿ ಕಾಲೂರುವ ಜಾತಿ ಅಂದ. ಚುಕ್ಕೆ ಕಾಣಲಿಲ್ಲ ಅಂತ ಉಸುಕಿನ ಮೇಲೆ ಬಿಟ್ಟಿದ್ದ. ಅದು ಅಲ್ಲಿ ನಿಲ್ಲಲಿಲ್ಲ. ಕಾಲು ಕಿತ್ತುಕೊಂಡು ಗಾಜಿನ ಅಂಚಿಗೆ ಹೋಯಿತು, ಅಲ್ಲಿಂದ ಕಲ್ಲಿನ ಸಂದಿಗೆ ಹೋಯಿತು. ಅದು ಅಲೆದಾಡಿದಂತೆ ನನ್ನ ಮಗಳೂ ತೊಟ್ಟಿಯ ಸುತ್ತ ಅಲೆದಾಡಿದಳು. ಒಲೆಯ ಮೇಲಿನ ಬೇಳೆ ಹೊತ್ತಿದ್ದೂ ಗೊತ್ತಾಗಲಿಲ್ಲ.

ಮರುದಿನ ಅಳಿಯ ಜೇವರ್ಗಿ ಕಡೆ ಹಲ್ಲಿನ ಕ್ಯಾಂಪಿಗೆ ಹೋಗಬೇಕಿತ್ತು. ಹೋಗುವಾಗ ನಮಗಿಬ್ಬರಿಗೂ ಬುದ್ಧಿ ಹೇಳಿದ. ಆ ಪ್ರಾಣಿಯ ಬಾಯಿ ಬಿಗಿಯಾಗಿದ್ದರೆ ಒಳ್ಳೆಯದು, ಜೋತುಬಿದ್ದರೆ ಕೆಟ್ಟದ್ದು. ಮುಟ್ಟಿದರೆ ಬೆರಳಿಗೆ ಅಂಟಬೇಕು. ಎಲ್ಲಕ್ಕಿಂತ ದೊಡ್ಡ ಮಾತು, ಸತ್ತರೆ ಅದು ನೀರಲ್ಲೇ ಕೊಳೆತು ಮೀನುಗಳನ್ನೂ ಕೊಲ್ಲುತ್ತದೆ.

"ನಾರಿದ್ರ ತೆಗೆದು ಎಸೀರಿ ಅತ್ತಿ. ನನ್ನ ದಾರಿ ಕಾಯಬ್ಯಾಡ್ರಿ" ಅಂದ.

ಅವನು ಹೋದ ಮಧ್ಯಾಹ್ನವೇ ಅದು ಕುಸಿಯಿತು. ಹಿಟ್ಟು ನಾದುವ ಪರಾತದಷ್ಟು ಅಗಲ ಇದ್ದದ್ದು ಮುದುಡಿ ಮುಷ್ಟಿಯಷ್ಟಾಯಿತು. ಬಾಯಿ ಸಡಿಲವಾಗಿ, ಒಳಗಿಂದ ಕಂದು ಬಣ್ಣದ ಲೋಳೆ ಬಂತು. ಅದೇ ಹೊತ್ತಿಗೆ ಕರೆಂಟೂ ಹೋಯಿತು, ಗಾಳಿ ಊದುವ ಯಂತ್ರ ನಿಂತಿತು. ಮಗಳು ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಸುರಿಯುತ್ತ, ಕರುಳು ಕಳಚಿ ಬಂತು ಅಂತ ಅಳುವ ಹಾಗಾದಳು. ನನ್ನ ಅಪ್ಪ ಎತ್ತು ಕೊಳ್ಳುವಾಗ ಹಲ್ಲು ನೋಡಿದ ಮೇಲೆ ಸೆಗಣಿಯನ್ನೂ ನೋಡುತ್ತಿದ್ದ. ಇದೂ ಸೆಗಣಿಯೇ ಇರಬೇಕು, ಹಾಕಲಿ ಬಿಡು ಅಂದೆ. ಅಂದೆನೇ ಹೊರತು ನನಗೂ ಧೈರ್ಯ ಇರಲಿಲ್ಲ. ಮೀನುಗಳೆರಡೂ ಅದರ ಹತ್ತಿರ ಹೋಗದೆ ಮೂಲೆಯಲ್ಲಿದ್ದವು.

ಮಗಳು ಮುಚ್ಚಳ ತೆಗೆದು ಮೂಸಿದಳು. ಮುಖ ಕಿವಿಚಿದಳು.

"ನಾರಾಕತ್ತದ ಯವ್ವಾ."

ನಾನೂ ಮೂಸಿದೆ. ನಾರುತ್ತಿತ್ತು. ಮಗಳು ಹಳೆಯ ಬುಟ್ಟಿ ತಂದಿಟ್ಟಳು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಳು. ಅವಳ ಕೈ ನೀರಿಗೆ ಇಳಿಯುವ ಮೊದಲು ನನಗೆ ಒಂದು ಮಾತು ಹೊಳೆಯಿತು. ಈ ನೀರು ನಿನ್ನೆ ಹೇಗೆ ನಾರುತ್ತಿತ್ತು? ನಾವು ಲಿಂಗವಂತರು. ಮಣ್ಣೂರಲ್ಲಿ ಭೀಮೆಯ ದಂಡೆಗೇ ಹುಟ್ಟಿ ಬೆಳೆದರೂ, ಮೀನಿನ ಬುಟ್ಟಿ ಓಣಿಗೆ ಬಂದರೆ ನಮ್ಮವರು ಬಾಗಿಲು ಹಾಕುತ್ತಿದ್ದರು. ಅಂಥ ನಮ್ಮ ಮೂಗಿಗೆ ಬದುಕಿದ ಮೀನೂ ಹೊಲಸೇ, ಸತ್ತ ಮೀನೂ ಹೊಲಸೇ. ಬುದ್ಧಿ ಹೇಳಿ ಹೋದವನೂ ಅದೇ ಮೂಗಿನವನು.

ಪಕ್ಕದ ಮನೆಯ ಬೀಬಿಯನ್ನು ಕರೆಯೋಣ ಅಂದೆ. ಅವಳ ಗಂಡನದು ಟೈರಿನ ಅಂಗಡಿ. ವಾರಕ್ಕೊಮ್ಮೆ ಅವರ ಮನೆಯಲ್ಲಿ ಸೊನ್ನದ ಕಡೆಯ ಹೊಳೆಮೀನು ಹುರಿಯುತ್ತಿದ್ದರು. ಮಗಳು ಬೇಡ ಅಂದಳು. ಹುರಿದಾಗಲೆಲ್ಲ ಆ ಕಡೆಯ ಕಿಟಕಿಯನ್ನು ಸದ್ದಾಗುವಂತೆ ಹಾಕುತ್ತಿದ್ದವಳು ಇವಳೇ. ನಾಚಿಕೆ ಆಮೇಲೆ ಪಡು ಬೇ ಅಂತ ನಾನೇ ಹೋಗಿ ಕರೆದೆ.

ಬೀಬಿ ಬಂದಳು. ಬಾಗಿಲಲ್ಲೇ ನಿಂತು ನನ್ನ ಮಗಳ ಮುಖ ನೋಡಿದಳು.

"ನಾವು ಮೀನು ಹುರಿದ್ರ ಧಡಕ್ಕನ ಕಿಡಕಿ ಹಾಕ್ತೀರಿ. ಇವತ್ತ ನನ್ನ ಮೂಗು ಸಾಲ ಬೇಕಾತೇನ್ರಿ ಡಾಕ್ಟರ್ನೀಬಾಯಿ?"

ಮಗಳು ಬುಟ್ಟಿ ಬದಿಗೆ ಸರಿಸಿ ದಾರಿ ಬಿಟ್ಟಳು. ಬೀಬಿ ಅಷ್ಟಕ್ಕೇ ಬಿಟ್ಟು ತೊಟ್ಟಿಗೆ ಬಗ್ಗಿದಳು. ಒಮ್ಮೆ ಮೂಸಿದಳು, ನೀರು ಕಲಕಿಸಿ ಮತ್ತೊಮ್ಮೆ ಮೂಸಿದಳು.

"ಇದು ಸಡೀದ ವಾಸ್ನಿ ಅಲ್ಲ ಅಕ್ಕಾ. ಹಸಿ ಮೀನಿಂದು ಮಾಮೂಲಿ ವಾಸ್ನಿ. ಕೊಳೆತಿದ್ರ ನಾನ ಇಲ್ಲಿ ನಿಂದ್ರತಿದ್ದಿಲ್ಲ. ನಿಮ್ಮ ಮೂಗಿಗೆ ಇಂಗು ನಡೀತದ, ಇದು ನಡ್ಯಾಂಗಿಲ್ಲ?"

ಆದರೆ ಇಂಥ ಪ್ರಾಣಿ ತಾನು ಕಂಡಿಲ್ಲ, ಬದುಕುತ್ತದೆ ಅಂತ ಆಣೆ ಮಾಡಿ ಹೇಳಲಾರೆ, ಮುಟ್ಟುವುದಂತೂ ಆಗದು ಅಂದಳು. ಮಗಳೂ ಹಿಂದೆ ಸರಿದಳು. ಹಾಗಾದರೆ ಉಳಿದವಳು ನಾನು. ಕೊರಳಲ್ಲಿ ಲಿಂಗ ಇದೆ, ಮಾಂಸ ತಿನ್ನುವ ಪ್ರಾಣಿಯನ್ನು ಹೇಗೆ ಮುಟ್ಟಲಿ ಅಂತ ಒಂದು ಗಳಿಗೆ ಅನ್ನಿಸಿತು. ಸ್ನಾನ ಮಾಡಿದರಾಯಿತು ಅಂತ ಸೆರಗು ಸಿಕ್ಕಿಸಿ ಕೈ ಇಳಿಸಿದೆ. ಕೂದಲಿಗೆ ಬೆರಳು ತಾಗಿಸಿದೆ. ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತು. ಎಳೆದರೆ ಬಿಡಲಿಲ್ಲ, ಅದೇ ನನ್ನನ್ನು ತನ್ನ ಕಡೆಗೆ ಎಳೆಯಿತು. ಚರ್ಮ ಸ್ವಲ್ಪ ಚುರುಗುಟ್ಟಿತು. ಸತ್ತದ್ದು ಹಾಗೆ ಹಿಡಿಯುವುದಿಲ್ಲ.

"ಬುಟ್ಟಿ ವಾಪಸ್ ಒಯ್ದಿಡು" ಅಂದೆ.

ಒಯ್ದಿಟ್ಟಳು. ಆದರೆ ಅವಳಿಗೂ ನನಗೂ ಕೂತಲ್ಲಿ ಕೂರಲಾಗಲಿಲ್ಲ. ಕರೆಂಟು ಬಂತು, ಯಂತ್ರ ಗುರ್ ಅಂದಿತು, ಆದರೂ ಇಬ್ಬರೂ ಸರದಿಯ ಮೇಲೆ ಹೋಗಿ ಮೂಸಿ ಬರುತ್ತಿದ್ದೆವು. ಈಗ ಮೂಸಿ ಏನು ತಿಳಿಯುವುದಿತ್ತೋ! ತಪ್ಪಿದ್ದು ಬೀಬಿಯ ಮೂಗೇ ಆಗಿದ್ದರೆ ಮೀನುಗಳೂ ಹೋಗುತ್ತವೆ, ಗಂಡನಿಗೆ ಮಗಳು ಏನು ಹೇಳಬೇಕು ಅನ್ನುವುದೇ ನನ್ನ ತಲೆಯಲ್ಲಿ. ಸಂಜೆಯ ಹೊತ್ತಿಗೆ ಅದು ಒಂದು ಅಂಚಿನಿಂದ ಉಬ್ಬತೊಡಗಿತು, ಇನ್ನೊಂದು ಅಂಚು ಮುದುಡಿಯೇ ಇತ್ತು.

ಮರುದಿನ ಅಳಿಯ ಬಂದವನು ಚಪ್ಪಲಿಯನ್ನೂ ಬಿಡದೆ ತೊಟ್ಟಿಗೆ ಬಗ್ಗಿದ. ಮೂಸಿದ. "ನಾರಾಕತ್ತದಲ್ಲ, ಯಾಕ ತೆಗೀಲಿಲ್ಲ?" ಅಂತ ಹೆಂಡತಿಯ ಮೇಲೆ ಏರಿಹೋದ. ನಡೆದದ್ದನ್ನು ನಾನು ಹೇಳಿದೆ.

"ನೀವು ಮುಟ್ಟಿದ್ರೇನ ಅತ್ತಿ?"

"ಮುಟ್ಟದ ಹ್ಯಾಂಗ ಗೊತ್ತಾಗ್ತದ? ನೀನೂ ಮುಟ್ಟು."

ಅವನು ಮುಟ್ಟಲಿಲ್ಲ. ಬೊಂಬಾಯಿಯಿಂದ ತಂದಿದ್ದ ಒಣ ಸೀಗಡಿಯ ಚೂರನ್ನು ನೆನೆಸಿ, ಚಿಮಟಿಗೆಯಲ್ಲಿ ಹಿಡಿದು ಕೂದಲ ಮೇಲೆ ಇಟ್ಟ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆ ಜಮಖಾನೆ ನಿಧಾನಕ್ಕೆ ಮಡಚಿಕೊಂಡು ಚೂರನ್ನು ನಡುವಿಗೆ ಸರಿಸಿತು. ಮಾಂಸ ತಿನ್ನುವುದನ್ನು ನಾನು ಅಷ್ಟು ಹತ್ತಿರ ನಿಂತು ಯಾವತ್ತೂ ನೋಡಿರಲಿಲ್ಲ. ನುಂಗಿ ಬಾಯಿ ಬಿಗಿಯಾಗುವವರೆಗೂ ನಿಂತೆ. ಆಮೇಲೆ ಚೀಲ ಎತ್ತಿಕೊಂಡು ಊರಿಗೆ ಹೋಗಲು ಅಫಜಲಪುರದ ಬಸ್ಸಿಗೆ ಹೊರಟೆ.