ಖಾಲಿ ಮೊಳೆ

ಎಂ.ಎ. ಮೊದಲ ಸೆಮಿಸ್ಟರಿನ ಎಲ್ಲ ವಿಷಯಗಳಿಗೂ ಗ್ರೇಡ್ ಬಂದಿತ್ತು. ಒಂದರ ಮುಂದೆ ಮಾತ್ರ ‘ಅಪೂರ್ಣ’ ಎಂದಿತ್ತು. ನಾನು ಜಾಂಡೀಸ್ ಆಗಿ ಮಲಗಿದ್ದರಿಂದ ಆ ವಿಷಯದ ಪ್ರಾಜೆಕ್ಟ್ ವರದಿ ಕೊಟ್ಟಿರಲಿಲ್ಲ.

‘ಪರೀಕ್ಷೆಯ ಅಂಕಗಳು ಹಾಗೇ ಇರ್ತವಮ್ಮ. ಮುಂದಿನ ಸೆಮಿಸ್ಟರ್ ಮುಗಿಯೋದ್ರೊಳಗೆ ವರದಿ ಕೊಡು, ಗ್ರೇಡ್ ಹಾಕ್ತೀವಿ. ಕೊಡದಿದ್ರೆ ಫೇಲ್’ ಎಂದರು ಆ ವಿಷಯದ ಮೇಡಂ.

ನನಗೆ ಮೈಯೆಲ್ಲ ಉರಿಯಿತು. ಫೇಲ್ ಮಾಡಿದ್ದರೆ ಒಂದು ಸಲ ಅತ್ತು ಮುಗಿಸುತ್ತಿದ್ದೆ. ಇದೆಂಥ ತ್ರಿಶಂಕು ಸ್ಥಿತಿ? ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಊರಿಗಾಂನ ಲೈನ್ ಮನೆ ಸೇರುವವರೆಗೂ ಗೊಣಗುತ್ತಲೇ ಇದ್ದೆ.

ಚಿನ್ನದ ಗಣಿಯಾದ ಮೈಸೂರು ಮೈನ್ಸ್‌ನಲ್ಲಿ ದುಡಿದಿದ್ದ ತಾತ ಸೊಪ್ಪು ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡರು. ಗಣಿಗೆ ಇಳಿಯುವವರು ತಮ್ಮ ನಂಬರಿನ ಬಿಲ್ಲೆಯನ್ನು ಬೋರ್ಡಿನ ಮೊಳೆಯಿಂದ ತೆಗೆದುಕೊಂಡು ಹೋಗಿ, ಮೇಲೆ ಬಂದಾಗ ಮತ್ತೆ ಅದೇ ಮೊಳೆಗೆ ಹಾಕುತ್ತಿದ್ದರಂತೆ.

‘ಶಿಫ್ಟ್ ಮುಗಿದ್ಮೇಲೂ ಒಂದು ಮೊಳೆ ಖಾಲಿ ಇದ್ರೆ, ಅವ್ನು ಸತ್ತೋದ ಅಂತ ಯಾರೂ ಅಂತಿರ್ಲಿಲ್ಲ ಕಣಮ್ಮಾ. ಇನ್ನೂ ಒಳಗವ್ನೆ ಅಂತ ಲಿಫ್ಟಿನ ಕೇಜು ಕೆಳಕ್ಕೆ ಕಳಿಸ್ತಿದ್ರು. ನಿಂಗೂ ಕಳಿಸವ್ರೆ. ಮೇಲಕ್ಕೆ ಬಾ.’